ಹ್ಯಾಟು ಹಿಡಿದ ಸೀಟು

ನನ್ನ ತಲೆಯ ಬಗ್ಗೆ ನನಗೆ ಎಂದೂ ದೊಡ್ಡ ಅಭಿಪ್ರಾಯ ಇರಲಿಲ್ಲ. ಅದರ ಮೇಲೆ ಏನಾದರೂ ಇಡಬೇಕೆಂಬ ಚಪಲ ಹುಟ್ಟಿದ್ದು ಅದಕ್ಕೇ ಇರಬೇಕು. ಬೇಸಿಗೆಯಲ್ಲಿ ಬೆಟ್ಟದ ಬಂಡೆಗಳೂ ನೆರಳು ಹುಡುಕುವ ಕೋಲಾರದಂಥ ಊರಿನಲ್ಲಿ ಉಣ್ಣೆ ಅದುಮಿ ಮಾಡಿದ ಫೆಲ್ಟ್ ಹ್ಯಾಟು ಹಾಕಿಕೊಂಡು ತಿರುಗುವವನು, ನನಗೆ ತಿಳಿದಂತೆ, ನಾನೊಬ್ಬನೇ. ಅದೂ ಹೊಸದಲ್ಲ, ಬೇರೆ ಯಾರದೋ ಬೆವರು ಕುಡಿದು ಪಳಗಿದ ಹಳೆಯ ಹ್ಯಾಟು. ಟೋಪಿ ಹಾಕುವುದು, ಹಾಕಿಸಿಕೊಳ್ಳುವುದು ಎಂಬ ಹಾಸ್ಯವನ್ನು ಬಂಧುಗಳೆಲ್ಲ ಸರದಿಯಂತೆ ಮಾಡಿ ಮುಗಿಸಿದ್ದಾರೆ. ಓದುಗರು ಆ ಶ್ರಮ ತೆಗೆದುಕೊಳ್ಳಬೇಕಿಲ್ಲ.

ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಬಂಗಲೆಗಳ ಸಾಮಾನು ಕೈಯಿಂದ ಕೈಗೆ ಇಳಿಯುತ್ತ ಬಂದು ನಿಲ್ಲುವ ಕೊನೆಯ ಕಟ್ಟೆ ಬಷೀರ್ ಸಾಹೇಬರ ಹಳೇ ಸಾಮಾನಿನ ಅಂಗಡಿ. ಒಂದು ದಿನ ಅವರು ಲಾಂದ್ರಗಳ ಹಿಂದಿನಿಂದ ಬೂದು ಬಣ್ಣದ ಹ್ಯಾಟೊಂದನ್ನು ಎಳೆದು ಧೂಳು ಕೊಡವಿದರು. "ದೊಡ್ಡ ತಲೆ ಮಾಲು ಇದು ಸಾರ್. ನಿಮ್ಗೆ ಆಗ್ತೈತೋ ಇಲ್ವೋ, ಆ ಅಲ್ಲಾಗೇ ಗೊತ್ತು" ಎಂದರು. ಅಲ್ಲಾನಿಗೆ ಗೊತ್ತಿದ್ದದ್ದು ಸರಿಯಾಗಿಯೇ ಇತ್ತು. ಹ್ಯಾಟು ಕಿವಿಯವರೆಗೆ ಇಳಿಯಿತು. ಮನೆಗೆ ಬಂದು, ಹಳೆಯ ಕ್ಯಾಲೆಂಡರಿನ ಜ್ಯೇಷ್ಠ ಮಾಸವನ್ನು ಉದ್ದಕ್ಕೆ ಮಡಚಿ ಒಳಗಿನ ಚರ್ಮದ ಪಟ್ಟಿಯಲ್ಲಿ ತುರುಕಿದೆ. ಆಮೇಲೆ ಅದು ನನಗೆಂದೇ ಮಾಡಿಸಿದಂತೆ ಕೂತಿತು.

ನಗ್ಗಿದ ಹ್ಯಾಟಿಗೆ ಹಬೆ ಕೊಟ್ಟು ಆಕಾರ ತರಬೇಕು. ನಮ್ಮ ಮನೆಯಲ್ಲಿ ಹಬೆಯೆಂದರೆ ಇಡ್ಲಿ ಪಾತ್ರೆ. "ಇವತ್ತು ಇಡ್ಲೀನೋ ಹ್ಯಾಟೋ, ಮೊದ್ಲೇ ಹೇಳ್ಬಿಡಿ. ಚಟ್ನಿ ಅರೀಬೇಕೋ ಬೇಡ್ವೋ ನೋಡ್ತೀನಿ" ಎನ್ನುತ್ತಾಳೆ ನನ್ನ ಹೆಂಡತಿ. ಅವಳ ಇಡ್ಲಿಯಲ್ಲಿ ಆಗಾಗ ನುಸಿಗುಳಿಗೆಯ ಪರಿಮಳ ಬರುವುದನ್ನು ನಾನು ಒಪ್ಪಿಕೊಂಡಿದ್ದೇನೆ.

ಹ್ಯಾಟಿನ ದೊಡ್ಡ ಕಷ್ಟವೆಂದರೆ ಅದು ಮನುಷ್ಯನನ್ನು ಸುಮ್ಮನೆ ಕೂರಗೊಡುವುದಿಲ್ಲ. ಹೋಟೆಲಿನಲ್ಲಿ ಮೇಜಿನ ಮೇಲಿಟ್ಟರೆ ಸಾಂಬಾರು, ತೊಡೆಯ ಮೇಲಿಟ್ಟರೆ ಬಗ್ಗುವಂತಿಲ್ಲ. ಬಸ್ಸಿನಲ್ಲಿ ಕೂತರೆ ನಮ್ಮ ಕಡೆ ದಾರಿಯುದ್ದಕ್ಕೂ ದೇವರುಗಳು. ಗುಡಿ ಬಂದಾಗಲೆಲ್ಲ ತೆಗೆಯಬೇಕು, ದಾಟಿದ ಮೇಲೆ ಹಾಕಬೇಕು. ತಲೆ ಮುಚ್ಚಿಕೊಂಡೇ ಬನ್ನಿ ಎನ್ನುವ ದರ್ಗಾ ಒಂದರಲ್ಲೇ ನನ್ನ ಹ್ಯಾಟಿಗೆ ವಿಶ್ರಾಂತಿ. ಮಾಲೂರಿನ ಒಂದು ಮದುವೆಯಲ್ಲಂತೂ ನನ್ನನ್ನು ಜಾದೂ ಮಾಡುವವನೆಂದು ತಿಳಿದು ಮಕ್ಕಳು ಊಟ ಬಿಟ್ಟು ಪಾರಿವಾಳಕ್ಕಾಗಿ ಕಾದವು. ದೇವಾನುದೇವತೆಗಳು ಮಲಗುವಾಗ ಕಿರೀಟ ಎಲ್ಲಿಡುತ್ತಿದ್ದರೆಂದು ಯಾವ ಪುರಾಣಿಕರೂ ಹೇಳಿಲ್ಲ. ಅವರಿಗೂ ಇದೇ ಪಾಡಿತ್ತೆಂದು ನನ್ನ ಗುಮಾನಿ.

ನಮ್ಮ ಹಿರಿಯರು ಇದನ್ನೆಲ್ಲ ಯೋಚಿಸಿಯೇ ಟವಲ್ಲು ಆರಿಸಿಕೊಂಡರು. ಅದು ತಲೆಗೆ ಪೇಟ, ಹೆಗಲಿಗೆ ಮರ್ಯಾದೆ, ಹಣೆಗೆ ಬೆವರೊರಸು. ಎಲ್ಲಕ್ಕಿಂತ ಮಿಗಿಲಾಗಿ ಬಸ್ಸಿನ ಸೀಟಿಗೆ ಹಕ್ಕುಪತ್ರ. ಕಿಟಕಿಯಿಂದ ಟವಲ್ಲು ಎಸೆದವನು ನೆಮ್ಮದಿಯಾಗಿ ಟೀ ಕುಡಿದು ಬರಬಹುದು. ಯಾವ ಕಾನೂನಿನಲ್ಲೂ ಇಲ್ಲದ ಈ ನಿಯಮವನ್ನು ನಮ್ಮ ಜನ ಪಾಲಿಸಿದಷ್ಟು ನಿಷ್ಠೆಯಿಂದ ಬೇರೆ ಯಾವುದನ್ನೂ ಪಾಲಿಸಿಲ್ಲ. ನಾನೋ, ಹ್ಯಾಟು ಬಂದ ದಿನವೇ ಟವಲ್ಲಿಗೆ ವಿದಾಯ ಹೇಳಿದ್ದೆ.

ಕಳೆದ ಮಾವಿನ ಕಾಲದಲ್ಲಿ ಉಪ್ಪಿನಕಾಯಿಗೆ ಕಾಯಿ ತರಲು ಹೆಂಡತಿ ನನ್ನನ್ನು ಶ್ರೀನಿವಾಸಪುರಕ್ಕೆ ಕಳಿಸಿದಳು. ಬಸ್ಸಿಳಿಯುವಷ್ಟರಲ್ಲಿ ಬಷೀರ್ ಸಾಹೇಬರ ಫೋನು: ಮುಳಬಾಗಿಲಿನಲ್ಲಿ ಪರಿಚಯದವರ ಮನೆಯಲ್ಲಿ ಕಂದು ಬಣ್ಣದ ಹ್ಯಾಟೊಂದಿದೆ, ಮಗ್ಗುಲಲ್ಲಿ ಗರಿಯೂ ಇದೆ. ಗರಿ ಎಂದದ್ದೇ ತಪ್ಪಾಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾವಿನಕಾಯಿ ಮರೆತೆ. ಮುಳಬಾಗಿಲಿನ ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ಜಾತ್ರೆಯಷ್ಟು ಜನ. ನಾನು ಕಿಟಕಿಗೆ ಓಡಿದೆ. ತಲೆಮಾರುಗಳ ಅಭ್ಯಾಸ ನನ್ನ ಕೈಯೊಳಗೆ ಹೊಕ್ಕು, ತಲೆಯ ಮೇಲಿದ್ದದ್ದನ್ನು ತೆಗೆದು ಖಾಲಿ ಸೀಟಿನ ಮೇಲೆ ಎಸೆಯಿತು. ಆಮೇಲೆ, ಸಂಪ್ರದಾಯದಂತೆ, ಟೀ ಕುಡಿಯಲು ಹೋದೆ.

ಲೋಟ ತುಟಿಗೆ ತಾಕಿತ್ತು. ಸೀಟಿ ಕೇಳಿಸಿತು. ಬಸ್ಸು ಹೊರಟೇ ಹೋಯಿತು.

ಬಷೀರ್ ಸಾಹೇಬರಿಂದ ಒಂದೊಂದಾಗಿ ಕೊಂಡ ನನ್ನ ಹ್ಯಾಟುಗಳಲ್ಲೆಲ್ಲ ಶ್ರೇಷ್ಠವಾದದ್ದು ಆ ಬೂದು ಹ್ಯಾಟು. ಎಂದೂ ಕಾಣದ ಹ್ಯಾಟಿನ ಆಸೆಗೆ ತಲೆಯ ಮೇಲಿದ್ದದ್ದನ್ನು ಕಿಟಕಿಯಿಂದ ಎಸೆದವನಿಗೆ ಏನು ಹೆಸರಿಡಬೇಕೆಂದು ಹೆಂಡತಿಯನ್ನು ಕೇಳಿದರೆ ಥಟ್ಟನೆ ಹೇಳುತ್ತಾಳೆ. ಸಿಕ್ಕಿದ ಗೂಡ್ಸ್ ಆಟೋ ಹತ್ತಿ, ಮಾವಿನ ಕ್ರೇಟುಗಳ ನಡುವೆ ಮುದುರಿ ಹೊರಟೆ. ಮುಳಬಾಗಿಲಿನವರೆಗೂ ಕಣ್ಣ ಮುಂದೆ ಒಂದೇ ಚಿತ್ರ: ಯಾರೋ ದಢೂತಿ ಮನುಷ್ಯ ಅದರ ಮೇಲೆ ಕೂತಿದ್ದಾನೆ, ಅವನ ತೊಡೆಯ ಮೇಲೆ ಇನ್ನೊಬ್ಬ.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಮುಂದಿನೂರಿಗೆ ಹೊರಡಲು ಗುರುಗುಟ್ಟುತ್ತಿತ್ತು. ನುಗ್ಗಿ ಒಳಗೆ ಹೋದೆ. ಜನ ಒಬ್ಬರ ಮೇಲೊಬ್ಬರು ಜೋತುಬಿದ್ದಿದ್ದಾರೆ. ಮಧ್ಯದಲ್ಲಿ ಒಂದೇ ಒಂದು ಸೀಟು ಖಾಲಿ. ಅದರ ಮೇಲೆ ನನ್ನ ಹ್ಯಾಟು, ಒಂದು ಮಡಿಕೆಯೂ ಇಲ್ಲದೆ, ಒಬ್ಬನೇ ಪ್ರಯಾಣಿಸುವ ಜಮೀನ್ದಾರನಂತೆ ಕೂತಿದೆ. ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು ರಾಜ್ಯವಾಳಿದ ದೇಶ ಇದು ಎಂಬುದನ್ನು ನಾನು ಮರೆತಿದ್ದೆ. ಪಕ್ಕದಲ್ಲಿ ಯಲ್ದೂರಿನ ಕಡೆಯ ಒಬ್ಬ ಅಜ್ಜಿ ಕಾವಲು. ಕೂರಲು ಬಂದವರನ್ನೆಲ್ಲ, ಕಂಡಕ್ಟರನನ್ನೂ ಸೇರಿಸಿ, ಆಕೆ ಬೈದು ಎಬ್ಬಿಸಿದ್ದಳೆಂದು ಆಮೇಲೆ ತಿಳಿಯಿತು.

ನಾನು ಕೈ ಚಾಚಿದೆ.

"ಯಾರಪ್ಪಾ ನೀನು? ಮುಟ್ಬ್ಯಾಡ. ಯಾರೋ ದೊರೆಗಳು ಸೀಟು ಹಿಡ್ದವ್ರೆ."

ಅದು ನನ್ನದೇ ಎಂದೆ. ಆಕೆ ನನ್ನ ಬೋಳುತಲೆಯನ್ನೂ, ಅಂಗಿಗೆ ಅಂಟಿದ್ದ ಮಾವಿನ ಸೊನೆಯನ್ನೂ ನೋಡಿದಳು.

"ನಿಂದಾ? ಎಲ್ಲಿ, ಇಕ್ಕೊಂಡು ತೋರ್ಸು."

ಹಾಕಿಕೊಂಡೆ. ಲೋಕ ಕತ್ತಲಾಯಿತು. ಹ್ಯಾಟು ಮೂಗಿನ ತನಕ ಇಳಿದಿತ್ತು. ಬಸ್ಸಿಗೆ ಬಸ್ಸೇ ನಕ್ಕಿತು. ಅಂಚೆತ್ತಿ ನೋಡಿದರೆ, ಎಸೆದಾಗ ಉದುರಿದ್ದ ನನ್ನ ಜ್ಯೇಷ್ಠ ಮಾಸ ಅಜ್ಜಿಯ ಕೈಯಲ್ಲಿ ಬೀಸಣಿಗೆಯಾಗಿದೆ. ಆ ಕಾಗದ ತುರುಕಿದರೆ ಸರಿಹೋಗುತ್ತದೆ ಎಂದು ವಿವರಿಸಲು ಬಾಯಿ ತೆರೆದೆ. ಅಷ್ಟು ಜನರ ಮುಂದೆ ಆ ವಾದ ಎದ್ದು ನಿಲ್ಲುವಂತೆ ಕಾಣಲಿಲ್ಲ.

ಅಜ್ಜಿಗೆ ಕನಿಕರ ಬಂತು. "ದೊರೆಗಳು ಕಳ್ಸಿದ್ರಾ ನಿನ್ನ?"

"ಹೌದಜ್ಜಿ," ಎಂದೆ. "ಅವರೇ ಕಳಿಸಿದ್ದು."

"ಅಂಗಂತ ಮೊದ್ಲೇ ಹೇಳಾಕಿಲ್ವಾ?" ಆಕೆ ಹ್ಯಾಟನ್ನು ಸೆರಗಿನಿಂದ ಒರಸಿ ನನ್ನ ಎರಡೂ ಕೈಯಲ್ಲಿಟ್ಟಳು. "ಜೋಪಾನ ಕಣಪ್ಪ. ದಾರೀಲಿ ನೀನು ಇಕ್ಕೊಂಡೀಯ."

ಇಕ್ಕೊಳ್ಳಲಿಲ್ಲ. ಗರಿಯ ಹ್ಯಾಟನ್ನು ನೋಡಲೂ ಹೋಗಲಿಲ್ಲ. ಮಾವಿನಕಾಯಿಯೂ ಇಲ್ಲದೆ, ಕೋಲಾರದವರೆಗೆ ಪ್ರಸಾದದ ತಟ್ಟೆಯಂತೆ ಅದನ್ನು ಹಿಡಿದುಕೊಂಡೇ ಬಂದೆ.

ಈಗಲೂ ಹ್ಯಾಟು ಹಾಕಿಕೊಳ್ಳುತ್ತೇನೆ. ಹೆಗಲ ಮೇಲೆ ಟವಲ್ಲೂ ಇರುತ್ತದೆ, ಸೀಟಿಗೆ. ಮುಳಬಾಗಿಲಿನ ಗರಿ ನೆನಪಾದಾಗ ಕಾಲು ಇನ್ನೂ ತುರಿಸುತ್ತದೆ. ಆದರೆ ಬೂದು ಹ್ಯಾಟಿಗೆ ಹೊಸ ಕ್ಯಾಲೆಂಡರಿನ ಹಾಳೆ ತುರುಕುವಾಗಲೆಲ್ಲ ಅಜ್ಜಿಯ ದೊರೆ ನೆನಪಾಗುತ್ತಾನೆ. ಆತ ಇನ್ನೂ ಬಂದಿಲ್ಲ. ಬರುವವರೆಗೆ ಅವನ ಹ್ಯಾಟಿನ ಕೆಳಗೆ ನಾನು ಜಾಗ ಹಿಡಿದಿದ್ದೇನೆ.