ಕಂಪ್ಯೂಟರಿನೊಳಗೆ ಸಿಕ್ಕ ವಿಭೂತಿ

ಆಗ ನಮ್ಮ ಬನಹಟ್ಟಿಯಲ್ಲಿ ಮಗ್ಗ ಸದ್ದು ಮಾಡಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಸದ್ದು ನಿಂತರೆ ಮಾತ್ರ ಹೊರಗೆ ಬಂದು ಏನಾಯಿತೆಂದು ಕೇಳುತ್ತಿದ್ದರು. ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ, ಮಗ್ಗದ ಎಣ್ಣೆಯ ವಾಸನೆಯ ನಡುವೆಯೇ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹೊಸ ಅಂಚಿನ ಸೀರೆ ಮಗ್ಗದ ಮೇಲಿದ್ದರೆ, ಬೀಗರು ಬಂದರೂ ಅದರ ಮೇಲೆ ಹಳೆಯ ಚಾದರ ಎಳೆಯುತ್ತಿದ್ದೆವು. ಕಂಡವರು ಅಂಚನ್ನು ಕದ್ದು ನೇಯ್ದುಬಿಟ್ಟರೆ?

ಸಂಶಯ ನಮ್ಮ ಮನೆಯಲ್ಲಿ ಉಪ್ಪಿನಷ್ಟೇ ಬಳಕೆಯಲ್ಲಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಹಾಲು ಹಾಕುವವಳನ್ನೂ ನಂಬುತ್ತಿರಲಿಲ್ಲ, ಅವಳ ಎಮ್ಮೆಯನ್ನೂ ನಂಬುತ್ತಿರಲಿಲ್ಲ. ನನಗೂ ಆ ಗುಣ ಬಂದಿದೆ, ಸುಳ್ಳು ಯಾಕೆ ಹೇಳಲಿ.

ಚಾದರ ಎಳೆಯದಿದ್ದುದು ಒಬ್ಬನಿಗೆ ಮಾತ್ರ, ಮಲ್ಲೇಶಿ ಕಾಕಾನಿಗೆ. ಅಪ್ಪನ ಸಾಲೆಯ ಗೆಳೆಯ. ಹಿಂದಿನ ಓಣಿಯಲ್ಲಿ ಅವನವೂ ಮಗ್ಗಗಳಿದ್ದವು. ಅಂಚಿನ ಚಿತ್ರ ಬರೆಯಲೆಂದು ಇಚಲಕರಂಜಿಯಿಂದ ಹಳೆಯ ಕಂಪ್ಯೂಟರ್ ತಂದಾಗ ಅಪ್ಪನ ಜೊತೆ ಹೋದವನು ಅವನೇ. ಮಗ್ಗದ ಕೋಣೆಯ ಗೋಡೆಗೆ ತಾಗಿಸಿ ಟೇಬಲ್ ಹಾಕಿ ಅದನ್ನಿಟ್ಟರು. ದಿನಾ ಸಂಜೆ ಕಾಕಾ ಬಂದು ಅಪ್ಪನ ಹಿಂದೆ ಕೂರುತ್ತಿದ್ದ. ಅಪ್ಪ ಎದ್ದು ಹೋದರೆ ನನ್ನನ್ನು ‘ಅವ್ವಿ’ ಎಂದು ಕರೆದು ಕುರ್ಚಿಯಲ್ಲಿ ಕೂರಿಸಿ ಇಸ್ಪೀಟಿನ ಆಟ ಹಚ್ಚಿಕೊಡುತ್ತಿದ್ದ. ಅಪ್ಪನಿಗಿಂತ ನನಗೆ ಅವನೇ ಹೆಚ್ಚು ಇಷ್ಟ.

ಆ ವರ್ಷ ಪಂಚಮಿ ಹಬ್ಬದ ಸೀರೆಗೆ ಅಪ್ಪ ಅಂಚು ಬರೆಯುತ್ತಿದ್ದಾಗ ಕಂಪ್ಯೂಟರ್ ತಾನೇ ತಾನಾಗಿ ಆರಿಹೋಗತೊಡಗಿತು. ಬರೆದದ್ದೆಲ್ಲ ಮಾಯ. ಅಪ್ಪ ಮೊದಲು ಕರೆಂಟಿನ ಮೇಲೆ ಸಂಶಯಪಟ್ಟ, ಆಮೇಲೆ ಇಲಿಯ ಮೇಲೆ, ಆಮೇಲೆ ನನ್ನ ಮೇಲೆ. ಕೊನೆಗೆ ಆಯಿ ಬಾಯಿ ಬಿಟ್ಟಳು.

"ಮಲ್ಲೇಶಿ ಬಂದು ಕುಂತ ಮ್ಯಾಲೆನ ಇದು ಬಂದ್ ಬೀಳತೈತಿ. ನೋಡೀಯೇನು?"

"ಸುಮ್ನಿರ ಬೇ ಯವ್ವಾ," ಎಂದ ಅಪ್ಪ. ಆದರೆ ಮರುದಿನದಿಂದ ತಾನೂ ಗಮನಿಸತೊಡಗಿದ. ಆಯಿ ಹೇಳಿದ್ದು ನಿಜವೇ ಇತ್ತು. ಇಡೀ ದಿನ ನಡೆದ ಯಂತ್ರ ಕಾದು ಕೆಂಡವಾಗುವ ಹೊತ್ತಿಗೇ ಕಾಕಾ ಬರುತ್ತಾನೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ಕಂಪ್ಯೂಟರಿನ ಡಬ್ಬಿ ಬಿಚ್ಚಿದ. ಒಳಗೆ ಪ್ರೊಸೆಸರಿನ ಮೇಲೆ ಅದರ ಕಾವು ಹೀರುವ ಹೀಟ್‌ಸಿಂಕ್ ಇರುತ್ತದೆ, ಬಾಚಣಿಗೆಯ ಹಾಗೆ ಹಲ್ಲುಳ್ಳ ಅಲ್ಯುಮಿನಿಯಂ ಗಟ್ಟಿ. ಅದು ಒಂದು ಕಡೆ ವಾಲಿತ್ತು. ಮುಟ್ಟಿದರೆ ಕೈಗೇ ಬಂತು. ಅದರ ಬುಡದಲ್ಲಿ ಒಣಗಿದ ಬಿಳಿ ಹುಡಿ.

"ವಿಭೂತಿ ಐತಲ್ಲರೀ," ಎಂದಳು ಅವ್ವ.

"ವಿಭೂತಿ ಹಿಂಗ ಪೊರಿ ಪೊರಿ ಏಳೂದಿಲ್ಲ," ಎಂದಳು ಆಯಿ. "ಯಾರೋ ಮಾಟ ಮಾಡಿಸಿ ಹಚ್ಯಾರ."

ಅವಳು ಬೇವಿನ ಎಲೆಯಿಂದ ಅದನ್ನು ಕೆರೆದು, ಒದ್ದೆ ಅರಿವೆಯಿಂದ ಒರೆಸಿ, ಅರಿವೆಯನ್ನು ಮೂರು ದಾರಿ ಕೂಡುವಲ್ಲಿ ಎಸೆದು ಬಂದಳು. ಅಪ್ಪ ಗಟ್ಟಿಯನ್ನು ಮತ್ತೆ ಕೂರಿಸಿ, ಮಗ್ಗದ ಹುರಿಯಿಂದ ಬಿಗಿದು ನೇಕಾರರ ಗಂಟು ಹಾಕಿದ. ಈಗ ಯಂತ್ರ ಪರದೆಯಲ್ಲಿ ಚಿತ್ರ ಮೂಡುವ ಮೊದಲೇ ಆರತೊಡಗಿತು.

"ನೋಡು, ತಗದಿದ್ದಕ್ಕ ಸಿಟ್ಟಾಗೇತಿ," ಎಂದಳು ಆಯಿ.

ಆ ಸಂಜೆ ಕಾಕಾ ಹೊಸ್ತಿಲು ದಾಟುತ್ತಿದ್ದಂತೆ ಅಪ್ಪ ಎದ್ದು ಮಗ್ಗದ ಮೇಲೆ ಚಾದರ ಎಳೆದ. ಇನ್ನು ಕಾಕಾ ನಮ್ಮ ಮನೆಗೆ ಬರುವುದಿಲ್ಲವೇನೋ ಎಂದು ನಾನು ಹೆದರಿದೆ. ಅವನು ಚಾದರ ನೋಡಿದ. ತೆರೆದಿದ್ದ ಡಬ್ಬಿಯೊಳಗೆ ಬಗ್ಗಿ, ಗಟ್ಟಿಯನ್ನು ತುಸು ಎತ್ತಿ ನೋಡಿದ.

"ಈರಣ್ಣ, ಇದರ ಬುಡಕ ಬೆಳ್ಳಗಿಂದ ಇರತೈತಲ್ಲ, ಎಲ್ಲಿ ಹೋತು?" ಎಂದು ಅಪ್ಪನನ್ನು ಕೇಳಿದ.

ಕಳ್ಳ ಸಿಕ್ಕ ಎಂಬಂತೆ ಆಯಿ ಅಪ್ಪನ ಮುಖ ನೋಡಿದಳು.

"ಬೆಳ್ಳಗಿಂದ ಇತ್ತಂತ ನಿನಗ ಹೆಂಗ ಗೊತ್ತೋ ಮಲ್ಲೇಶಿ?" ಎಂದಳು.

"ಎಲ್ಲಾ ಕಂಪ್ಯೂಟರನ್ಯಾಗೂ ಇರತೈತ್ರಿ ಆಯಿ. ಅದು ಮುಲಾಮು. ಒಳಗಿನ ಕಾವು ಗಟ್ಟಿಗೆ ಏರಬೇಕಂದ್ರ ಅದು ನಡುವ ಇರಬೇಕು." ಹೇಳುತ್ತ ಹೇಳುತ್ತ ಅವನ ಕಣ್ಣು ಟೇಬಲ್ಲಿನ ಮೇಲೆ ಉಳಿದಿದ್ದ ಬೇವಿನ ಎಲೆಗಳ ಮೇಲೆ ಬಿತ್ತು. ಎಲ್ಲ ಅರ್ಥವಾಗಿರಬೇಕು.

ಮರುದಿನ ಕಾಕಾ ಜಮಖಂಡಿಗೆ ಹೋಗಿ ಮುಲಾಮಿನ ಸಣ್ಣ ಟ್ಯೂಬ್ ತಂದ. ಅಪ್ಪನ ಗಂಟು ಬಿಚ್ಚಲು ಬರದೆ ಕತ್ತರಿಸಿದ. ಗಟ್ಟಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿ ಮುರಿದಿತ್ತು. ನನ್ನ ಕೈಯನ್ನು ಟೇಬಲ್ಲಿನ ಮೇಲೆ ಒತ್ತಿಸಿ, "ನಡಗತೈತೇನ ಅವ್ವಿ?" ಎಂದ. ಟೇಬಲ್ ನಡುಗುತ್ತಿತ್ತು. "ಮಗ್ಗ ಬಡದ ಬಡದ ಇದರ ಕೊಂಡಿ ಮುರದೈತಿ." ಜೋಳದ ಕಾಳಿನಷ್ಟು ಮುಲಾಮು ಇಟ್ಟು, ಗಟ್ಟಿಯನ್ನು ಅಲುಗಿಸದೆ ಕೂರಿಸಿ, ತಂತಿ ಬೇರೆಲ್ಲಿಯೂ ತಾಗದ ಹಾಗೆ ಬಿಗಿದ. ಟೇಬಲ್ಲನ್ನು ಆಚೆ ಗೋಡೆಗೆ ಸರಿಸಿದ. ಯಂತ್ರ ಸಂಜೆಯವರೆಗೂ ಆರಲಿಲ್ಲ.

ಅಪ್ಪ ಡಬ್ಬಿ ಮುಚ್ಚಲು ಹೋದಾಗ ಕಾಕಾ ಅವನ ಕೈ ಹಿಡಿದ.

"ಮುಚ್ಚಬ್ಯಾಡ. ನಾ ಏನ ಹಚ್ಚೇನಿ ಅನ್ನೂದು ಎಲ್ಲಾರಿಗೂ ಕಾಣಲಿ."

ದನಿ ಏರಿಸಲಿಲ್ಲ. ಚಪ್ಪಲಿ ಮೆಟ್ಟಿ ಹೋದ.

ಆ ಅಂಚಿನ ಸೀರೆ ಹಬ್ಬಕ್ಕೆ ಚೆನ್ನಾಗಿ ಹೋಯಿತು. ಕಾಕಾ ಜಗಳವನ್ನೇನೂ ಆಡಲಿಲ್ಲ. ಮದುವೆ ಮನೆಗಳಲ್ಲಿ ಅಪ್ಪನ ಪಕ್ಕದಲ್ಲೇ ಉಣ್ಣಲು ಕೂತ, ನನ್ನ ಸಾಲೆಯ ಬಗ್ಗೆ ಕೇಳಿದ. ಸಂಜೆ ನಮ್ಮ ಮನೆಗೆ ಮಾತ್ರ ಬರಲಿಲ್ಲ. ಅಪ್ಪ ಎಷ್ಟೋ ಸಲ ಅವನ ಓಣಿಯ ತುದಿಯವರೆಗೆ ಹೋಗಿ ತಿರುಗಿ ಬಂದ.

ಆ ಕಂಪ್ಯೂಟರ್ ಈಗ ನನ್ನ ಹತ್ತಿರ ಇದೆ. ಹೋದ ತಿಂಗಳು ಗಟ್ಟಿ ಮತ್ತೆ ಸಡಿಲಾಗಿತ್ತು. ಮುಲಾಮು ಹಚ್ಚಿ ಕೂರಿಸಿದೆ, ನಡೆಯಿತು. ಅಪ್ಪನ ಹಳೆಯ ಅಂಚುಗಳೆಲ್ಲ ಅದರಲ್ಲಿ ಹಾಗೇ ಇವೆ. ಒಂದೊಂದಾಗಿ ತೆರೆದು ನೋಡಿದಾಗ, ಕಾಕಾ ಸಂಜೆ ಸುಮ್ಮನೆ ಕೂರುತ್ತಿರಲಿಲ್ಲ ಎಂಬುದು ತಿಳಿಯಿತು. ಈ ಬಣ್ಣ ತೆಗಿ, ಆ ಗೆರೆ ಬೇಡ, ಇದು ಚೆನ್ನಾಗಿಲ್ಲ ಎಂದು ಅಪ್ಪನಿಗೆ ಮುಖದ ಮೇಲೆ ಹೇಳುತ್ತಿದ್ದವನು ಅವನೊಬ್ಬನೇ. ಅವನು ಬರುವುದು ನಿಂತ ಮೇಲಿನ ಅಂಚುಗಳಲ್ಲಿ ಬೇಡದ ಬಣ್ಣಗಳು ತುಂಬುತ್ತಲೇ ಹೋಗಿವೆ.

ಅಪ್ಪ ಈಗಲೂ ನೇಯಿಸುತ್ತಾನೆ. ನೋಡಿದವರೆಲ್ಲ, "ಭಾಳ ಛಲೋ ಆಗೈತ್ರಿ," ಅನ್ನುತ್ತಾರೆ. ಅಪ್ಪ ಅವರಲ್ಲಿ ಒಬ್ಬರನ್ನೂ ನಂಬುವುದಿಲ್ಲ.