ಮೈಕತ್ತೆ ಕೂತ ದಿನ

ಬಡಾವಣೆಯಲ್ಲಿ ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಚುನಾವಣೆಗೆ ನಿಂತವರ ಭಾಷಣವಿರಲಿ, ಮೈಕು ಬೇಕೆಂದರೆ ಜನ ನೋಡುವುದು ಅವಳ ಅಂಗಡಿಯ ಕಡೆಗೇ. ಅಪ್ಪನಿಂದ ಬಂದ ಅಂಗಡಿ. ಅಪ್ಪ ತೀರಿಕೊಂಡಾಗ, ಹೆಣ್ಣುಮಗಳು ಈ ಭಾರವನ್ನೆಲ್ಲ ಹೊತ್ತು ತಿರುಗುವುದುಂಟೇ, ಮಾರಿಬಿಡು ಎಂದು ಬುದ್ಧಿ ಹೇಳಲು ನಾಲ್ಕಾರು ಜನ ಹಿರಿಯರು ಬಂದಿದ್ದರು.  ಅವಳು ಒಂದು ದೊಡ್ಡ ಸ್ಪೀಕರ್ ಪೆಟ್ಟಿಗೆಯ ಒಂದು ಕಡೆ ಹಿಡಿದು, ಇನ್ನೊಂದು ಕಡೆ ನೀವು ಸ್ವಲ್ಪ ಹಿಡೀರಿ ಎಂದಳು. ಬುದ್ಧಿ ಹೇಳಲು ಬಂದವರಿಗೆಲ್ಲ ಒಬ್ಬೊಬ್ಬರಿಗೇ ಸೊಂಟನೋವು ನೆನಪಾಯಿತು. ಅಂದಿನಿಂದ ಅಂಗಡಿ ಅವಳದ್ದೇ. ಮಕ್ಕಳು ಮೈಕತ್ತೆ ಎಂದು ಕರೆದರು, ಅದೇ ಹೆಸರು ದೊಡ್ಡವರ ಬಾಯಲ್ಲೂ ನಿಂತಿತು.

ಮದುವೆ ಮಾಡಿಕೊಳ್ಳಲಿಲ್ಲವೇಕೆ ಎಂದು ಕೇಳಿದವರಿಗೆ, ಎಲ್ಲರ ಮದುವೆಗೂ ನಾನೇ ಬೇಕು, ನನ್ನ ಮದುವೆಗೆ ಮೈಕು ಹಾಕೋರು ಯಾರು ಎನ್ನುತ್ತಿದ್ದಳು. ಅಂಥ ಬಾಯಿ. ಆದರೂ ಕಸುಬಿನ ಎರಡು ಕಟ್ಟಳೆಗಳನ್ನು ಮಾತ್ರ ಅಪ್ಪನ ಕಾಲದಿಂದ ಹಾಗೆಯೇ ಪಾಲಿಸಿಕೊಂಡು ಬಂದಿದ್ದಳು. ಒಂದು, ಮುಂದಿನ ಸಾಲಿನ ದೊಡ್ಡ ಕುರ್ಚಿಯಲ್ಲಿ ಕೂತವರು ಕೈ ಕೆಳಗೆ ಮಾಡಿದರೆ ದನಿ ಇಳಿಸಬೇಕು, ಮೇಲೆ ಮಾಡಿದರೆ ಏರಿಸಬೇಕು, ಯಾಕೆಂದು ಕೇಳಬಾರದು. ಇನ್ನೊಂದು ಸ್ವಲ್ಪ ಗುಟ್ಟಿನದು. ಮೈಕು ಕಿರ್ರೆಂದು ಕೂಗಿಕೊಂಡಾಗ ತಪ್ಪು ಯಾರದ್ದೇ ಇರಲಿ, ಮೈಕಿನವರು ತಕ್ಷಣ ಮುಖ ಗಂಟಿಕ್ಕಿಕೊಂಡು ಮಾತಾಡುತ್ತಿರುವವರನ್ನು ನೋಡಬೇಕು. ಸಭೆಯೂ ಅತ್ತ ನೋಡುತ್ತದೆ, ಮೈಕಿನವರ ಮಾನ ಉಳಿಯುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಹುಟ್ಟಿದ್ದು ಯಾವುದೋ ಮೈಕ್ ಸೆಟ್ಟಿನ ಹಿಂದೆಯೇ ಇರಬೇಕು.

ಈ ಎರಡನೆಯ ಕಟ್ಟಳೆಯೇ ಅವಳ ಮನೆಯ ಹುಡುಗಿಯ ಬಾಯಿ ಕಟ್ಟಿತು.

ಹುಡುಗಿ ಎಂದರೆ ಅಣ್ಣನ ಮಗಳು. ಅಂಗಡಿಯ ಮೇಲಿನ ಮನೆಯಲ್ಲಿ ಅಣ್ಣ, ಅತ್ತಿಗೆ, ಆ ಹುಡುಗಿ, ಮೈಕತ್ತೆ ಎಲ್ಲರೂ ಒಟ್ಟಿಗೇ ಇದ್ದರು. ಹಿಂದಿನ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿ ಸ್ವಾಗತ ಭಾಷಣ ಮಾಡಬೇಕಿತ್ತು. ಮೈಕಿನ ಮುಂದೆ ನಿಂತು ಪಿಸುಪಿಸು ಶುರುಮಾಡಿದಳು. ಅತ್ತೆಯ ಕರುಳು ಕೇಳಬೇಕಲ್ಲ. ಬೇರೆ ಯಾರಾದರೂ ಆಗಿದ್ದರೆ ಜೋರಾಗಿ ಮಾತಾಡಮ್ಮ ಎನ್ನುತ್ತಿದ್ದಳೋ ಏನೋ, ಇವಳು ನಮ್ಮದೇ ಕೂಸು ಎಂದು ಅಕ್ಕರೆಯಿಂದ ದನಿ ಏರಿಸಿದಳು. ಸಾಲಲಿಲ್ಲವೆಂದು ಇನ್ನಷ್ಟು ಏರಿಸಿದಳು. ಮೈಕು ಕುಕ್ಕರಿನ ಹಾಗೆ ಸೀಟಿ ಹೊಡೆಯಿತು. ಸಭಾಂಗಣವೆಲ್ಲ ಕಿವಿ ಮುಚ್ಚಿಕೊಂಡು ನಕ್ಕಿತು. ಮೈಕತ್ತೆಯ ಮುಖ ಅಭ್ಯಾಸಬಲದಿಂದ ತಾನಾಗಿಯೇ ಗಂಟಿಕ್ಕಿಕೊಂಡು ವೇದಿಕೆಯತ್ತ ತಿರುಗಿತು. ಹುಡುಗಿ ಅತ್ತೆಯ ಆ ಮುಖ ನೋಡಿದಳು, ಅರ್ಧ ವಾಕ್ಯವನ್ನು ಅಲ್ಲೇ ಬಿಟ್ಟು ಕೆಳಗಿಳಿದಳು.

ಮರುದಿನದಿಂದ ಶಾಲೆಯಲ್ಲಿ ಅವಳ ಹೆಸರು ಸೀಟಿ. ತರಗತಿಯಲ್ಲಿ ಪಾಠ ಓದು ಎಂದರೆ ಗಂಟಲು ಕೆಟ್ಟಿದೆ ಎಂದು ಸನ್ನೆ ಮಾಡುವಳು. ಅಂಗಡಿಗೆ ಹೋದರೆ ಬೇಕಾದ್ದನ್ನು ಬೆರಳು ತೋರಿಸಿ ಕೊಳ್ಳುವಳು. ಫೋನು ಬಂದರೆ ಅಮ್ಮನ ಕೈಗೆ. ಅತ್ತಿಗೆಗೆ ಇದರಲ್ಲಿ ಅಂಥ ಚಿಂತೆಯೇನೂ ಕಾಣಲಿಲ್ಲ. ಹೆಣ್ಣುಮಕ್ಕಳು ದೊಡ್ಡವರಾಗುತ್ತಾ ಗಂಭೀರ ಆಗುತ್ತಾರೆ, ಮಾತು ಬೆಳ್ಳಿ ಮೌನ ಬಂಗಾರ ಎಂದಳು. ಬಂಗಾರ ಬೀರುವಿನಲ್ಲಿ ಇರಲಿ ಅತ್ತಿಗೆ, ದಿನ ಬೆಳಗಾದರೆ ಕೈಗೆ ಬೇಕಾಗೋದು ಬೆಳ್ಳಿ ಲೋಟವೇ ಎಂದು ಮೈಕತ್ತೆ ಹಾರಿಸಿದಳು. ಹಾರಿಸಿದಳೇ ಹೊರತು ಒಳಗೊಳಗೇ ಅವಳಿಗೆ ನಾಚಿಕೆಯಾಗುತ್ತಿತ್ತು. ಸೀಟಿ ಯಾರ ಕೈಯಿಂದ ಬಂತು ಎಂದು ಅವಳಿಗೆ ಗೊತ್ತಿತ್ತು.

ಹುಡುಗಿಗೆ ಉಳಿದಿದ್ದು ಒಂದೇ ಸುಖ, ಓಟ. ಬಡಾವಣೆಯ ನಡುವೆ ಒಂದು ಮೈದಾನ, ಸಂಜೆ ಅಲ್ಲಿ ಹುಡುಗಿಯರ ಓಟದ ಅಭ್ಯಾಸ. ಗಂಡುಹುಡುಗರು ಸೇತುವೆಯಾಚೆಯ ದೊಡ್ಡ ಮೈದಾನಕ್ಕೆ ಹೋಗುತ್ತಿದ್ದರು. ಸೇತುವೆ ದಾಟಲು ಹುಡುಗಿಯರಿಗೆ ಯಾವ ಮನೆಯಲ್ಲೂ ಅಪ್ಪಣೆಯಿರಲಿಲ್ಲ, ಹಾಗಾಗಿ ಇದೊಂದು ತುಂಡು ನೆಲ ಅವರ ಪಾಲಿಗೆ ಬಂದಿತ್ತು. ಅದಕ್ಕೂ ಕಣ್ಣು ಬಿತ್ತು. ಬಡಾವಣೆಯ ಸಂಘದವರು ಮೈದಾನಕ್ಕೆ ಕಾಂಕ್ರೀಟು ಹಾಕಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ತೀರ್ಮಾನಿಸಿ, ಒಪ್ಪಿಗೆಗೆ ಸರ್ವಸದಸ್ಯರ ಸಭೆ ಕರೆದರು. ಅಧ್ಯಕ್ಷರ ಮನೆಯಲ್ಲೇ ಮೂರು ಕಾರು, ಅವುಗಳಲ್ಲಿ ಒಂದು ಸದಾ ಪಕ್ಕದ ಮನೆಯ ಗೇಟಿಗೆ ಅಡ್ಡ ನಿಂತಿರುತ್ತಿತ್ತು. ಆಟಗಾರ್ತಿಯರ ಪರವಾಗಿ ಒಬ್ಬರು ಬೇಕಾದರೆ ಎರಡು ಮಾತಾಡಲಿ ಎಂದು ಅವರು ದೊಡ್ಡ ಮನಸ್ಸು ಮಾಡಿದ್ದರು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹುಡುಗಿಯರೆಲ್ಲ ಸೇರಿ, ಮೈಕು ನಿಮ್ಮತ್ತೆಯದ್ದೇ ತಾನೇ, ನೀನೇ ಮಾತಾಡು ಎಂದು ಸೀಟಿಯ ಕೊರಳಿಗೆ ಕಟ್ಟಿದರು. ಅವಳು ಓಡಿಬಂದು ಅಂಗಡಿಯ ಹಿಂದಿನ ಗೋದಾಮಿನಲ್ಲಿ ಅತ್ತೆಯ ಎದುರು ನಿಂತಳು. ನನ್ನಿಂದ ಆಗಲ್ಲ, ನೀನೇ ಅವರಿಗೆ ಹೇಳು ಎಂದು ಅಳುವುದಕ್ಕೇ ಶುರುಮಾಡಿದಳು. ಯಾಕಾಗಲ್ಲ ಎಂದು ಅತ್ತೆ ಕೇಳಿದಳು. 

"ನನ್ನ ದನಿಯಲ್ಲೇ ಏನೋ ದೋಷ ಇದೆ ಅತ್ತೆ. ಮೈಕಿಗೂ ಆಗಿಬರಲ್ಲ."

ಮೈಕತ್ತೆಗೆ ಕಪಾಳಕ್ಕೆ ಹೊಡೆದಂತಾಯಿತು. ಒಂದು ವರ್ಷದಿಂದ ಈ ಕೂಸು ನಂಬಿಕೊಂಡು ಬಂದಿದ್ದು ಇದನ್ನೇ! ಒಂದು ಮೈಕು ಜೋಡಿಸಿ, ಅದನ್ನು ಸ್ಪೀಕರಿನ ಎದುರು ನಿಲ್ಲಿಸಿ, ದನಿ ಏರಿಸಿದಳು. ಯಾರೂ ತುಟಿ ಬಿಚ್ಚಲಿಲ್ಲ, ಆದರೂ ಮೈಕು ಕಿರ್ರೋ ಎಂದಿತು. ಹುಡುಗಿ ಕಿವಿ ಮುಚ್ಚಿಕೊಂಡಳು. ಅತ್ತೆ ಮೈಕಿನ ದನಿ ಇಳಿಸಿ ಕೇಳಿದಳು, ಈಗ ಯಾರು ಮಾತಾಡಿದರು? ಯಾರೂ ಇಲ್ಲ ಎಂದಳು ಹುಡುಗಿ.

"ಇದು ತನ್ನ ಸದ್ದನ್ನ ತಾನೇ ಕೇಳಿಸಿಕೊಂಡು ಕಿರುಚೋದು. ಅವತ್ತು ಕಿರುಚಿಸಿದ್ದು ನನ್ನ ಈ ಕೈ. ನಿನ್ನ ದನಿಗೂ ಅದಕ್ಕೂ ಸಂಬಂಧ ಇಲ್ಲ."

ಹುಡುಗಿ ಮೈಕನ್ನೂ ಅತ್ತೆಯ ಕೈಯನ್ನೂ ನೋಡಿದಳು. ಸಮಾಧಾನಪಟ್ಟುಕೊಂಡು ಅಪ್ಪಿಕೊಳ್ಳುತ್ತಾಳೆ ಎಂದು ಅತ್ತೆ ಅಂದುಕೊಂಡಿದ್ದಳು. ಹುಡುಗಿಗೆ ಬಂದಿದ್ದು ಸಿಟ್ಟು. ಹಾಗಾದರೆ ಅವತ್ತು ನನ್ನನ್ನು ಯಾಕೆ ಹಾಗೆ ನೋಡಿದೆ ಎಂದು ಕೇಳಿದಳು. ಮೈಕತ್ತೆ ಕಸುಬಿನ ಗುಟ್ಟನ್ನು ಬಿಚ್ಚಿ ಹೇಳಿದಳು, ಹೇಳುತ್ತಾ ತಲೆ ತಗ್ಗಿಸಿದಳು. ಹುಡುಗಿ ಬಾಗಿಲು ದಡಾರೆಂದು ಹಾಕಿಕೊಂಡು ಹೊರಟೇಹೋದಳು. ಊಟಕ್ಕೆ ಕೂತಾಗಲೂ ಅತ್ತೆಯ ಕಡೆ ಬೆನ್ನು. ಮೈಕತ್ತೆ ಅದನ್ನೂ ಹೊಟ್ಟೆಗೆ ಹಾಕಿಕೊಂಡಳು. ಸಿಟ್ಟು ಬರಲಿ, ತನ್ನ ಮೇಲೆ ತಾನೇ ಸಿಟ್ಟು ಮಾಡಿಕೊಳ್ಳುವುದಕ್ಕಿಂತ ನನ್ನ ಮೇಲೆ ಮಾಡಿಕೊಳ್ಳುವುದು ಮೇಲು ಎಂದುಕೊಂಡಳು.

ಮರುದಿನ ಸಂಜೆ ಹುಡುಗಿ ತಾನಾಗಿಯೇ ಗೋದಾಮಿಗೆ ಬಂದು, ಹೇಗೆ ಮಾತಾಡಬೇಕು ಕಲಿಸು ಎಂದಳು. ಮೈಕು ಕೊಡುತ್ತಾಳೆ ಎಂದುಕೊಂಡಿದ್ದಳು. ಅತ್ತೆ ಕೊಡಲಿಲ್ಲ. ಮೈಕು ಇದ್ದದ್ದನ್ನು ಹೆಚ್ಚಿಸುತ್ತದೆ, ಇಲ್ಲದ್ದನ್ನು ಎಲ್ಲಿಂದ ತರುತ್ತದೆ, ಸೊನ್ನೆಯನ್ನು ನೂರರಿಂದ ಗುಣಿಸಿದರೂ ಸೊನ್ನೆಯೇ ಎಂದಳು. ಅವಳ ಪಾಠ ಬೇರೆಯೇ. ತಾನು ಗೋದಾಮಿನ ಆ ಕೊನೆಯಲ್ಲಿ ಪೆಟ್ಟಿಗೆಗಳ ಹಿಂದೆ ಕೂತು ವೈರು ಬೆಸೆಯುವುದು, ಹುಡುಗಿ ಈ ಕೊನೆಯಲ್ಲಿ ನಿಂತು ಏನು ಬೇಕೋ ಹೇಳುವುದು. ಕೇಳಿಸಿದರೆ ಉತ್ತರ, ಕೇಳಿಸದಿದ್ದರೆ ಇಲ್ಲ. "ಆಂ?" ಎಂದು ಇನ್ನೊಮ್ಮೆ ಕೇಳುವ ಪ್ರಶ್ನೆಯೇ ಇಲ್ಲ. ನಾನು ಎರಡನೇ ಸಲ ಕೇಳಿದರೆ ಮೊದಲನೇ ಸಲ ಯಾರು ಜೋರಾಗಿ ಹೇಳುತ್ತಾರೆ ಎಂಬುದು ಅವಳ ವಾದ.

ಮೊದಮೊದಲು ಮೈಕತ್ತೆ ಕಲ್ಲಿನಂತೆ ಕೂತಿದ್ದೇ ಬಂತು. ಹುಡುಗಿ ಗುಣುಗುಣು ಎನ್ನುವಳು, ಪೆಟ್ಟಿಗೆಗಳ ಹಿಂದಿನಿಂದ ಸದ್ದಿಲ್ಲ. ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ. "ಅತ್ತೆ, ನಿನಗೇನು ಕಿವುಡಾ?" ಎಂದು ಕೂಗಿದಳು. ತಗಡಿನ ಮಾಡು ಗಣಗಣ ಎಂದಿತು. ಪಕ್ಕದ ಸೈಕಲ್ ಅಂಗಡಿಯವನು ಏನಾಯಿತು ಎಂದು ಇಣುಕಿ ನೋಡಿದ. ಮೈಕತ್ತೆ ಹಾಲು ಕುಡಿದಷ್ಟು ಸಂತೋಷದಿಂದ ಎದ್ದುಬಂದು, ಇದು ಕೇಳಿಸ್ತು ನೋಡು ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಓಟದ ಹುಡುಗಿಯರೂ ಒಬ್ಬೊಬ್ಬರೇ ಬಂದು ಸೇರಿಕೊಂಡರು. ಗೋದಾಮಿನಲ್ಲಿ ದಿನಾ ಸಂಜೆ ಜಗಳವೋ ಪಾಠವೋ ತಿಳಿಯದಂಥ ಗದ್ದಲ. ನಾಲ್ಕು ಜನ ಏನಂದಾರು ಎಂದು ಅತ್ತಿಗೆ ಮೆಟ್ಟಿಲ ಮೇಲಿಂದ ಗೊಣಗಿದಳು. ನಾಲ್ಕು ಜನಕ್ಕೂ ಕೇಳಿಸಲಿ ಅಂತಲೇ ಅಲ್ಲವೇ ಮಾಡುತ್ತಿರುವುದು ಎಂದು ಕೆಳಗಿನಿಂದ ಉತ್ತರ ಹೋಯಿತು. ಈ ಸಲ ಉತ್ತರ ಕೊಟ್ಟದ್ದು ಅತ್ತೆಯಲ್ಲ, ಹುಡುಗಿ.

ಸಭೆಯ ದಿನ ಸಭಾಂಗಣ ತುಂಬಿತ್ತು. ಕಾರುಗಳ ಕಷ್ಟಸುಖವನ್ನು ಮೂರು ಜನ ಬಣ್ಣಿಸಿದರು, ಬಿಸಿಲಿನಲ್ಲಿ ನಿಂತು ಬಣ್ಣ ಮಾಸುತ್ತಿರುವ ಕಾರುಗಳ ಬಗ್ಗೆ ಒಬ್ಬರಂತೂ ಕಣ್ಣೀರು ಹಾಕುವುದೊಂದು ಬಾಕಿ. ಕೊನೆಗೆ ಹುಡುಗಿಯ ಸರದಿ. ಮೈಕಿನ ಕೋಲು ಗಂಡಸರ ಎತ್ತರಕ್ಕಿತ್ತು. ಮೈಕತ್ತೆ ತನ್ನ ಮೇಜು ಬಿಟ್ಟು ವೇದಿಕೆ ಹತ್ತಿ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರೂ ಲೆಕ್ಕಿಸದೆ, ನಿಧಾನವಾಗಿ ಅದನ್ನು ಹುಡುಗಿಯ ಬಾಯಿಯ ಮಟ್ಟಕ್ಕೆ ಇಳಿಸಿ ಬಿಗಿದಳು. ಹಿಂದೆ ಬಂದು ಕೂತಳು. ಕೈ ದನಿ ಏರಿಸುವ ಗುಂಡಿಯ ಮೇಲೆ ಹೋಯಿತು. ಏರಿಸಬಾರದು ಎಂದು ಕೈಯನ್ನು ಎಳೆದು ತೊಡೆಯ ಕೆಳಗೆ ಇಟ್ಟುಕೊಂಡಳು.

ಹುಡುಗಿಯ ಮೊದಲ ಮಾತು ನಡುಗಿತು, ಎರಡನೆಯದು ಗಟ್ಟಿಯಾಗಿ ನಿಂತಿತು.

"ಸೇತುವೆ ದಾಟಬೇಡಿ ಅಂತ ನಮಗೆ ಹೇಳಿದೋರು ನೀವೇ. ದಾಟಲಿಲ್ಲ, ಇಲ್ಲೇ ಓಡಿದ್ವಿ. ಈಗ ಇಲ್ಲಿ ಕಾರು ನಿಲ್ಲಿಸ್ತೀವಿ ಅಂತೀರಿ. ಕಾರಿಗೆ ಸೇತುವೆ ದಾಟೋಕೆ ಯಾರ ಅಪ್ಪಣೆ ಬೇಕು?"

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಈ ಸಲ ಅದು ಹುಡುಗಿಯ ಮೇಲೆ ಬಿದ್ದ ನಗುವಲ್ಲ. ಅಧ್ಯಕ್ಷರು ಮುಂದಿನ ಕುರ್ಚಿಯಿಂದ ಕೈಯನ್ನು ಕೆಳಗೆ ಆಡಿಸಿದರು, ದನಿ ಇಳಿಸು ಎಂದು. ಮೈಕತ್ತೆ ಫ್ಯಾನು ಎಷ್ಟು ಚೆನ್ನಾಗಿ ತಿರುಗುತ್ತಿದೆ ಎಂದು ನೋಡತೊಡಗಿದಳು. ಅವರು ಮತ್ತೆ ಕೈ ಆಡಿಸಿದರು. ಫ್ಯಾನು ಇನ್ನೂ ಚೆನ್ನಾಗಿ ತಿರುಗುತ್ತಿತ್ತು. ಇಷ್ಟು ವರ್ಷ ಈ ಸನ್ನೆಗೆ ಎಷ್ಟು ಜನರ ಮಾತನ್ನು ತಾನು ಇಳಿಸಿದ್ದೇನೋ ಎಂದು ಅವಳ ಮೈ ಉರಿಯಿತು. ಅಧ್ಯಕ್ಷರು ಎದ್ದರು, ಗೋಡೆಯ ಹತ್ತಿರ ಹೋದರು, ಪ್ಲಗ್ಗನ್ನೇ ಕಿತ್ತರು. ಸ್ಪೀಕರುಗಳು ಧಪ್ಪೆಂದು ಸುಮ್ಮನಾದವು.

 ಮೈಕತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಮಗುವಿನ ಬಾಯಿ ಮುಚ್ಚಿಸಲು ನಾಚಿಕೆಯಾಗುವುದಿಲ್ಲವೇ, ಅವಳು ಹೇಳಬೇಕೆಂದಿರುವುದನ್ನು ನಾನು ಹೇಳುತ್ತೇನೆ ಕೇಳಿ ಎಂದು ಗುಡುಗುತ್ತಾ ಸಾಲುಗಳ ನಡುವೆ ನುಗ್ಗಿದಳು. ಅರ್ಧ ದಾರಿ ಬಂದಿದ್ದಳು.

"ಅತ್ತೆ, ನೀನು ಕೂತ್ಕೋ. ಮಾತಾಡ್ತಿರೋದು ನಾನು."

ಹುಡುಗಿ ಕೂಗಲಿಲ್ಲ. ಗೋದಾಮಿನ ಈ ಕೊನೆಯಿಂದ ಆ ಕೊನೆಗೆ ಮುಟ್ಟಿಸುವಷ್ಟೇ ದನಿ. ಮೈಕತ್ತೆ ಯಾರ ಮಾತಿಗೂ ಹಾಗೆ ನಿಂತವಳಲ್ಲ. ಅವತ್ತು ನಿಂತಳು. ಅವಮಾನವೂ ಹೆಮ್ಮೆಯೂ ಒಟ್ಟಿಗೇ ಆಯಿತು. ಪಕ್ಕದ ಸಾಲಿನಲ್ಲಿ ಖಾಲಿಯಿದ್ದ ಕುರ್ಚಿಯಲ್ಲಿ ಕೂತುಬಿಟ್ಟಳು.

ಹುಡುಗಿ ಮೈಕಿನ ಕೋಲನ್ನು ಪಕ್ಕಕ್ಕೆ ಸರಿಸಿ ವೇದಿಕೆಯ ಅಂಚಿಗೆ ಬಂದಳು. ಕೊನೇ ಸಾಲಿನವರಿಗೆ ಕೇಳಿಸುತ್ತಿದೆಯಾ ಎಂದಳು. ಕೇಳಿಸ್ತಿದೆ ಎಂದು ಓಟದ ಹುಡುಗಿಯರು ಅಲ್ಲಿಂದ ಉತ್ತರ ಕೊಟ್ಟರು. ಅವರ ಜೊತೆಗೆ ಅವಳ ಅಮ್ಮನ ದನಿಯೂ ಇತ್ತು. ಆಮೇಲೆ ಹುಡುಗಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದಳು: ಓಡುವಾಗ ಮಾತ್ರ ಯಾರೂ ತಮ್ಮನ್ನು ಮೆಲ್ಲಗೆ ಎನ್ನುವುದಿಲ್ಲ ಎಂದು, ಆ ಒಂದು ಗಂಟೆಯನ್ನು ಕಾರಿಗೆ ಕೊಡುವುದಿಲ್ಲ ಎಂದು. ಕೈ ಎತ್ತಿ ಮತ ಹಾಕುವಾಗ ಮೊದಲು ಎದ್ದದ್ದು ಹೆಂಗಸರ ಕೈಗಳು. ಗಂಡಂದಿರು ಹೆಂಡತಿಯರ ಮುಖ ನೋಡಿದರು, ಅವರಲ್ಲೂ ಸುಮಾರು ಕೈ ಎದ್ದವು. ಮೈದಾನ ಉಳಿಯಿತು.

ಜನ ಚದುರಿದ ಮೇಲೆ ಮೈಕತ್ತೆ ಪೆಟ್ಟಿಗೆಗಳನ್ನು ಕೆಳಗಿಳಿಸುತ್ತಿದ್ದಳು, ಹುಡುಗಿ ಮೊಣಕೈಗೆ ವೈರು ಸುತ್ತುತ್ತಿದ್ದಳು. ಅಧ್ಯಕ್ಷರು ಬಂದು ಹುಡುಗಿಯತ್ತ ನೋಡದೆಯೇ, ಮುಂದಿನ ಸಭೆಯಿಂದ ನಿಮ್ಮ ಮೈಕು ನಮಗೆ ಬೇಡ ಎಂದರು. ಮೈಕತ್ತೆಯ ಬಾಯಲ್ಲಿ ಒಳ್ಳೆಯ ಉತ್ತರವೊಂದು ಸಿದ್ಧವಾಗಿತ್ತು. ನುಂಗಿಕೊಂಡಳು, ಹುಡುಗಿಯ ಕಡೆ ನೋಡಿದಳು.

"ಬೇಡ ಬಿಡಿ ಸಾರ್," ಎಂದಳು ಹುಡುಗಿ, ವೈರು ಸುತ್ತುವುದನ್ನು ನಿಲ್ಲಿಸದೆ. "ಇವತ್ತೂ ಬೇಕಾಗಲಿಲ್ಲವಲ್ಲ."