ಡೆನಿಸ್ ಮಾಸ್ಟರರ ಆಲ್ಬಟ್ರಾಸ್

ಬಿಜೈಯ ಡೆನಿಸ್ ಮಾಸ್ಟರರು ಮೆಟ್ರಿಕ್ಯುಲೇಶನ್‌ಗೆ ಮೂರು ಸಲ ಕೂತು ಮೂರು ಸಲವೂ ಬರಿಗೈಯಲ್ಲಿ ಎದ್ದು ಬಂದವರು. ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದಾಗ, ಸ್ವದೇಶಕ್ಕೆ ಹೊರಟ ದೊರೆಯೊಬ್ಬ ಬಿಟ್ಟುಹೋದ ದಪ್ಪ ಡಿಕ್ಷನರಿ ಅವರ ಪಾಲಿಗೆ ಬಂತು. ಆ ದಿನದಿಂದ ಅವರು ಪಂಡಿತರು. ಕೆಲಸ ಬಿಟ್ಟು, ಕರಿ ಕೋಟು ಹೊಲಿಸಿ, ಮನೆಮನೆಗೆ ಇಂಗ್ಲಿಷ್ ಟ್ಯೂಷನ್ ಹೇಳಲು ಹೊರಟರು. ಅವರನ್ನು ನಂಬಿದ ಮೂರ್ಖರಲ್ಲಿ ನಾನೂ ಒಬ್ಬಳು.

ಅದು ಮೂವತ್ತಾರನೇ ಇಸವಿ. ನನ್ನ ಏಳು ವರ್ಷದ ಬೆನಿಟಾಳನ್ನು ಕಾನ್ವೆಂಟಿನ ಮದರ್ ಜೂನ್‌ನಲ್ಲಿ ಬಾಯಿಪರೀಕ್ಷೆ ಮಾಡುವವರಿದ್ದರು. ಉತ್ತರ ಬಾರದಿದ್ದರೆ ಒಂದು ವರ್ಷ ಮನೆಯಲ್ಲೇ. ಅದಕ್ಕೇ ಮಾಸ್ಟರರನ್ನು ಅವಳ ಟ್ಯೂಷನ್ನಿಗೆ ಕರೆಸಿದೆ.

ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಸಂಬಂಧ ಬಂದರೆ ಮೊದಲು ವಿಚಾರಿಸುವುದು ಹುಡುಗನ ಗುಣವನ್ನಲ್ಲ, ಗೋವೆಯ ಯಾವ ಊರಿನಿಂದ ಬಂದ ಕುಟುಂಬ ಎಂಬುದನ್ನು. ಮಾಸ್ಟರರು ಶಬ್ದಗಳನ್ನೂ ಹಾಗೆಯೇ ವಿಚಾರಿಸುತ್ತಿದ್ದರು. ಅವರ ಮೆಚ್ಚಿನದು ಆಲ್ಬಟ್ರಾಸ್, ದಕ್ಷಿಣದ ಸಮುದ್ರಗಳ ದೊಡ್ಡ ಹಕ್ಕಿಯ ಹೆಸರು.

"ನೋಡು ಬೆನಿಟಾ ಬಾಯೆ, ಇದು ಪೋರ್ಚುಗೀಸ್ ಮನೆತನದ್ದು. ಮೂಲ ಹೆಸರು ಅಲ್ಕಾತ್ರಾಸ್. ಇಂಗ್ಲಿಷ್ ನಾವಿಕರ ಬಾಯಲ್ಲಿ ಕೆಟ್ಟಿತು. ಆಮೇಲೆ ಬಿಳಿ ಎನ್ನುವ ಲ್ಯಾಟಿನ್ ಶಬ್ದ ಆಲ್ಬಸ್, ಅದರ ನೆರಳೂ ಬಿತ್ತು. ಎಂಥ ಕುಲ!"

ಮೂರು ವಾರ ಇದೇ ಪಾಠ, ಮೂರು ವಾರ ನನ್ನ ಕಾಫಿ. ಕೊರಳಿಗೆ ಬಿದ್ದ ಪೀಡೆಗೂ ಇಂಗ್ಲಿಷರು ಅದೇ ಹೆಸರು ಹೇಳುತ್ತಾರಂತೆ. ಅದನ್ನು ಮಾತ್ರ ಅವರು ಕಲಿಸಲಿಲ್ಲ.

ಒಂದು ದಿನ ಒಣಮೀನು ತಂದ ಅಬ್ದುಲ್ಲ ಬ್ಯಾರಿ ಜಗಲಿಯಲ್ಲಿ ಕೂತು ಪಾಠ ಕೇಳಿದ. ಅವನು ಏಡನ್ನಿನ ಹಡಗಿನಲ್ಲಿ ದುಡಿದು ಬಂದವನು.

"ಎಂತ ಪೊರ್ಬು ಮಾಸ್ಟ್ರೇ, ಅದು ಅರಬಿ ಅಲ್ವಾ? ಅಲ್ ಗತ್ತಾಸ್. ನೀರಿಗೆ ಮುಳುಗುವವ ಅಂತ. ಪೋರ್ಚುಗೀಸರು ಅರಬರ ಬಾಯಿಂದ ಎತ್ತಿದ್ದು ಮಾರಾಯ್ರೆ."

ಮಾಸ್ಟರರ ಮುಖ ಹುಳ್ಳಗಾಯಿತು. ಡಿಕ್ಷನರಿಯಲ್ಲೂ ಅರಬಿ ಎಂದೇ ಇತ್ತು. ಆ ಸಾಲು ಕಾಣದ ಹಾಗೆ ಅವರು ಹೆಬ್ಬೆರಳಿಟ್ಟದ್ದನ್ನು ನಾನು ಕಂಡೆ.

"ಮೀನು ಮಾರುವವನಿಗೆ ಎಂತ ಗೊತ್ತುಂಟು?"

"ಮೀನಾದರೂ ಗೊತ್ತುಂಟು," ಎಂದು ಬ್ಯಾರಿ ಬುಟ್ಟಿ ಎತ್ತಿಕೊಂಡ.

ಪರೀಕ್ಷೆಯ ದಿನ ಮದರ್ ಅಕ್ಕರೆಯಿಂದಲೇ ಕೇಳಿದರು, "ದೊಡ್ಡದೊಂದು ಇಂಗ್ಲಿಷ್ ಶಬ್ದ ಹೇಳು ಮಗೂ."

"ಆಲ್ಬಟ್ರಾಸ್."

"ಭೇಷ್! ಅಂದರೆ ಏನು?"

"ದೊಡ್ಡ ಮನೆತನದವರು ಮದರ್. ಪೋರ್ಚುಗಲ್‌ನವರು."

"ಅದು ಹಾರುತ್ತದೆಯೋ?"

"ಇಲ್ಲ ಮದರ್. ಭಾನುವಾರ ಇಗರ್ಜಿಗೆ ನಡೆದುಕೊಂಡೇ ಹೋಗ್ತಾರೆ."

ಮುಂದಿನ ವರ್ಷ ಕರೆದುಕೊಂಡು ಬನ್ನಿ ಎಂದರು ಮದರ್.

ಸಂಜೆ ಮಾಸ್ಟರರು ಎಂದಿನಂತೆ ಕಾಫಿಯ ಹೊತ್ತಿಗೆ ಬಂದರು. "ಅದು ಹಕ್ಕಿ ಅಂತ ಒಮ್ಮೆಯಾದರೂ ಹೇಳಿದ್ದೀರಾ?" ಎಂದೆ.

"ಹಕ್ಕಿ ಅಂತ ಯಾರು ಬೇಕಾದರೂ ಹೇಳ್ತಾರೆ ನೆಲ್ಲಿಬಾಯಿ. ಮೂಲ ಹೇಳುವವ ಈ ಊರಲ್ಲಿ ನಾನೊಬ್ಬನೇ." ಹೇಳಿ ಅಡುಗೆಮನೆಯ ಕಡೆ ಮೂಗು ತಿರುಗಿಸಿದರು. ಕಾಫಿಪುಡಿ ಮುಗಿದಿದೆ ಎಂದೆ.

ಮಣ್ಣಗುಡ್ಡದಲ್ಲಿ ಅವರಿಗೆ ಟ್ಯೂಷನ್ನಿಗೆ ಆಗಲೇ ಎರಡು ಮನೆ ಸಿಕ್ಕಿವೆ. ಭಾನುವಾರ ಪೂಜೆ ಮುಗಿದ ಮೇಲೆ ಅದರಲ್ಲೊಂದು ಮನೆಯ ರೊಸಾಲಿನ್ ನನ್ನ ಕೈ ಹಿಡಿದು, "ಎಂಥ ವಿದ್ವಾಂಸರು ಅಲ್ವಾ?" ಎನ್ನುತ್ತಾಳೆ. ನಾನು ಬಾಯಿ ಬಿಡುವುದಿಲ್ಲ. ಬಿಟ್ಟರೆ ಬೆನಿಟಾ ಫೇಲಾದದ್ದನ್ನೂ ಹೇಳಬೇಕಾಗುತ್ತದೆ.